ಮುಂಗಾರಿಗೆ ಮುಂಚೆ ಊರ ಕೆರೆ ಕಾಲುವೆ ಬಿಡಿಸಬೇಕು, ಎಲ್ಲಿಂದ ಶುರು ಮಾಡೋದು?

ಮುಳಬಾಗಿಲು_ಹುಡುಗ್ರು (ಫೆಬ್ರವರಿ 2)

ಎಲ್ಲರಿಗೂ ನಮಸ್ಕಾರ. ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯವರು ನಾವು. 24 ಜನ ಸೇರಿದ್ದೀವಿ, 17ರಿಂದ 26 ವಯಸ್ಸು, ಅದರಲ್ಲಿ 9 ಜನ ಹೆಣ್ಣುಮಕ್ಕಳು. ಡಿಗ್ರಿ ಓದೋರು, ನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟ್ ಹೋಗೋರು, ಊರಲ್ಲೇ ಹಸು ಕಟ್ಟಿಕೊಂಡಿರೋರು ಎಲ್ಲರೂ ಇದ್ದೀವಿ.

ಕೆರೆಯ ಅಚ್ಚುಕಟ್ಟು (ಕೆರೆ ನೀರು ಉಣ್ಣುವ ಜಮೀನು) 18 ಹೆಕ್ಟೇರ್. ಕೆ.ಸಿ. ವ್ಯಾಲಿ ಯೋಜನೆಯ (ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಕೆರೆಗಳಿಗೆ ಬಿಡೋದು) ನೀರು ನಮ್ಮ ಕೆರೆಗೆ ಬರಲ್ಲ, ಮಳೆ ನೀರೇ ಗತಿ. ಮಳೆ ಚೆನ್ನಾಗಿ ಆದ ವರ್ಷವೂ ಕೆರೆ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಲ್ಲಲ್ಲ. ಬೆಟ್ಟದ ಬುಡದಿಂದ ಬರೋ ಕಾಲುವೆಯನ್ನ ಟೇಪ್ ಹಿಡಿದು ಅಳೆದ್ವಿ, 640 ಮೀಟರ್ ಇದೆ. ನಡುವೆ ಒಂದು ಕಡೆ ಸೀಮೆ ಜಾಲಿ ಕಾಡೇ ಬೆಳೆದುಬಿಟ್ಟಿದೆ. ರಸ್ತೆ ದಾಟೋ ಕಡೆ ಎರಡು ಅಡಿ ಪೈಪಿನ ಮೋರಿ ಮುಕ್ಕಾಲು ಭಾಗ ಮುಚ್ಚಿದೆ. ಇನ್ನೊಂದು ಕಡೆ ಸುಮಾರು 35 ಮೀಟರ್ ಉದ್ದಕ್ಕೆ ಕಾಲುವೆಯೇ ಕಾಣಲ್ಲ, ಹೊಲದ ಜೊತೆ ಸೇರಿಸಿ ಉತ್ತು ರಾಗಿ ಹಾಕಿದ್ದಾರೆ. ಉಳಿದ ಕಡೆ ಸರಾಸರಿ ಒಂದೂಕಾಲು ಅಡಿ ಮಣ್ಣು ತುಂಬಿದೆ.

ಭಾನುವಾರಗಳಲ್ಲಿ ಶ್ರಮದಾನ ಮಾಡಿ ಮೇ ತಿಂಗಳೊಳಗೆ ಮುಗಿಸಬೇಕು ಅಂತ ಆಸೆ. ಕೆಲವರು ಮೊದಲು ಕೆರೆ ಹೂಳು ತೆಗೆಯೋಣ ಅಂತಾರೆ. ಇನ್ನು ಕೆಲವರು ಜೆಸಿಬಿ ತಂದು ಎರಡು ದಿನದಲ್ಲಿ ಮುಗಿಸೋಣ ಅಂತಾರೆ. ಯಾರನ್ನ ಕೇಳಬೇಕು, ಯಾವುದು ಮೊದಲು, ಕೈಯಲ್ಲಿ ಆಗುವ ಕೆಲಸವಾ? ತಿಳಿದವರು ಬಿಡಿಸಿ ಹೇಳಿ.

ಏರಿ_ತೂಬು (ಫೆಬ್ರವರಿ 3)

ಮೊದಲು ಕಾಲುವೆ, ಆಮೇಲೆ ಹೂಳು. ಇದರಲ್ಲಿ ಎರಡು ಮಾತಿಲ್ಲ. ನೀರು ಬರುವ ದಾರಿ ಮುಚ್ಚಿರುವಾಗ ಅಂಗಳ ಎಷ್ಟು ಆಳ ಮಾಡಿದರೂ ಅದು ದೊಡ್ಡ ಒಣ ಗುಂಡಿ, ಅಷ್ಟೆ.

ನಿಮ್ಮ ಲೆಕ್ಕ ನೋಡೋಣ. 640 ಮೀಟರ್ ಉದ್ದ, 0.4 ಮೀಟರ್ ಮಣ್ಣು, ಸರಾಸರಿ ಅಗಲ 1.3 ಮೀಟರ್ ಅಂತ ಇಟ್ಟುಕೊಂಡರೆ ತೆಗೆಯಬೇಕಾದ ಮಣ್ಣು ಸುಮಾರು 333 ಘನ ಮೀಟರ್. ಅಭ್ಯಾಸ ಇಲ್ಲದವರು ಬೆಳಿಗ್ಗೆ ಮೂರು ಗಂಟೆ ದುಡಿದರೆ ತಲೆಗೆ ಅರ್ಧ ಘನ ಮೀಟರ್ ತೆಗೆದು ಪಕ್ಕಕ್ಕೆ ಹಾಕಬಹುದು. 24 ಜನಕ್ಕೆ ದಿನಕ್ಕೆ 12, ಅಂದರೆ 28 ಬೆಳಗು. ಈಗಿಂದ ಮೇ ಕೊನೆಗೆ ಇರೋದು 17 ಭಾನುವಾರ, ಎಲ್ಲ ಭಾನುವಾರವೂ 24 ಜನ ಬರಲ್ಲ. ಆದ್ದರಿಂದ ಪೂರ್ತಿ ಕೈಯಲ್ಲಿ ಆಗಲ್ಲ. ಜೆಸಿಬಿ ಸಡಿಲ ಮಣ್ಣಲ್ಲಿ ಗಂಟೆಗೆ 20 ಘನ ಮೀಟರ್ ಲೆಕ್ಕದಲ್ಲಿ 16–17 ಗಂಟೆ ತಗೊಳ್ಳುತ್ತೆ. ಆದರೆ ಮಟ್ಟ ಗೊತ್ತಿಲ್ಲದೆ ಯಂತ್ರ ಇಳಿಸಿದರೆ ತಳ ಒಂದು ಕಡೆ ಹಳ್ಳ, ಒಂದು ಕಡೆ ದಿಬ್ಬ ಆಗುತ್ತೆ. ಹಳ್ಳದಲ್ಲಿ ನೀರು ನಿಂತು ಅಲ್ಲೇ ಇಂಗುತ್ತೆ, ಕೆರೆಗೆ ಬರಲ್ಲ.

ಹಾಗಾಗಿ ಮೊದಲ ಎರಡು ಭಾನುವಾರ ಗುದ್ದಲಿ ಮುಟ್ಟಬೇಡಿ, ಮಟ್ಟ ತೆಗೆಯಿರಿ, ಅಂದರೆ ಕಾಲುವೆ ಎಲ್ಲಿ ಎಷ್ಟು ಇಳಿದಿದೆ, ಎಲ್ಲಿ ಏರಿದೆ ಅಂತ ಅಳೆಯಿರಿ. ಬೇಕಾದ್ದು 15 ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್, ಒಳಗಿನ ಅಗಲ 10 ಮಿ.ಮೀ. ಇರಲಿ. ಆರು ಅಡಿಯ ನೇರ ಬಿದಿರು ಎರಡು, ಅವಕ್ಕೆ ಬುಡದಿಂದ ಸೊನ್ನೆ ಶುರುವಾಗುವ ಹಾಗೆ ಟೈಲರ್ ಟೇಪ್ ಅಂಟಿಸಿ. ಟ್ಯೂಬಿನ ಎರಡು ತುದಿಗಳನ್ನ ಆ ಬಿದಿರುಗಳಿಗೆ ಕಟ್ಟಿ. ಬಕೆಟ್ ಎತ್ತರದಲ್ಲಿಟ್ಟು ನೀರನ್ನ ನಿಧಾನವಾಗಿ ಟ್ಯೂಬಿಗೆ ಎಳೆದುಕೊಳ್ಳಿ, ಬಟ್ಟೆಗೆ ಹಾಕೋ ನೀಲಿ ಒಂದು ತೊಟ್ಟು ಬೆರೆಸಿದರೆ ನೀರು ಚೆನ್ನಾಗಿ ಕಾಣುತ್ತೆ. ಒಳಗೆ ಒಂದೇ ಒಂದು ಗಾಳಿಗುಳ್ಳೆ ಇದ್ದರೂ ಲೆಕ್ಕ ಕೆಡುತ್ತೆ. ಪರೀಕ್ಷೆ ಸುಲಭ: ಎರಡು ಕೋಲನ್ನೂ ಒಂದೇ ಕಲ್ಲಿನ ಮೇಲೆ ಜೋಡಿಸಿ ನಿಲ್ಲಿಸಿ, ಎರಡರಲ್ಲೂ ನೀರು ಒಂದೇ ಅಂಕಿಯಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ನೀರು ಚೆಲ್ಲಿ ಮತ್ತೆ ತುಂಬಿ.

ಕೆಳಗಿನ ತುದಿ ಕೆರೆ ಕಡೆ, ಮೇಲಿನ ತುದಿ ಬೆಟ್ಟದ ಕಡೆ. ಬೆಟ್ಟದಿಂದ ಶುರು ಮಾಡಿ 12 ಮೀಟರಿಗೊಂದು ಗೂಟ ಹೊಡೆಯುತ್ತ ಬನ್ನಿ, ಒಟ್ಟು 54 ಹೆಜ್ಜೆ ಆಗುತ್ತೆ. ಕೆಳಗಿನ ಕೋಲಿನ ಅಂಕಿಯಿಂದ ಮೇಲಿನ ಕೋಲಿನ ಅಂಕಿ ಕಳೆದರೆ ಆ 12 ಮೀಟರಿನ ಇಳಿತ. ಕೋಲು ಹೊತ್ತು ನಡೆಯುವಾಗ ಎರಡು ತುದಿಯನ್ನೂ ಹೆಬ್ಬೆರಳಲ್ಲಿ ಒತ್ತಿ ಮುಚ್ಚಿ, ಓದುವಾಗ ಎರಡನ್ನೂ ಬಿಡಿ. ಒಂದು ಬಿಟ್ಟು ಇನ್ನೊಂದು ಮರೆತರೆ ತಪ್ಪು ಅಂಕಿ ಬರುತ್ತೆ, ಎಲ್ಲರೂ ಮಾಡುವ ತಪ್ಪು ಇದೇ. ಟ್ಯೂಬಿನ ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇದ್ದರೂ ಸ್ವಲ್ಪ ವ್ಯತ್ಯಾಸ ಬರುತ್ತೆ, ಬೆಳಿಗ್ಗೆಯೇ ಮುಗಿಸಿ. ಕೆರೆ ಮುಟ್ಟಿದ ಮೇಲೆ ಅದೇ ಗೂಟಗಳ ಮೇಲೆ ವಾಪಸ್ ಬೆಟ್ಟದವರೆಗೆ ಅಳೆಯಿರಿ. ಹೋದ ಲೆಕ್ಕ, ಬಂದ ಲೆಕ್ಕ 5 ಸೆಂ.ಮೀ. ಒಳಗೆ ಕೂಡದಿದ್ದರೆ ಮತ್ತೊಮ್ಮೆ.

ಆ ಅಂಕಿಗಳನ್ನ ಇಲ್ಲಿ ಹಾಕಿ, ಮುಂದಿನದು ಆಮೇಲೆ ಹೇಳ್ತೀನಿ. ಇನ್ನೊಂದು ಮಾತು: ಊರ ಹಿರಿಯರಲ್ಲಿ ಒಬ್ಬರನ್ನ ಜೊತೆಗೆ ಕರೆದುಕೊಂಡು ಹೋಗಿ. ಹಿಂದೆ ಕೆರೆ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದವರು ಇನ್ನೂ ಇದ್ದರೆ ಅವರೇ ಬೇಕು. ನಿಮ್ಮ ಕಡೆ ತೆಲುಗು ಮಾತಾಡುವ ಹಿರಿಯರು ಏರಿಗೆ (ಕೆರೆ ಕಟ್ಟೆ) ಕಟ್ಟ, ತೂಬಿಗೆ (ಗದ್ದೆಗೆ ನೀರು ಬಿಡುವ ಕಿಂಡಿ) ತೂಮು, ಕೋಡಿಗೆ (ಹೆಚ್ಚಾದ ನೀರು ಹೊರಹೋಗುವ ಜಾಗ) ಅಲುಗು ಅಂತಾರೆ, ಗೊಂದಲ ಮಾಡಿಕೊಳ್ಳಬೇಡಿ. ಹಳೇ ಕಾಲುವೆ ಯಾವ ಮರದ ಎಡಕ್ಕೆ ಹೋಗುತ್ತಿತ್ತು ಅನ್ನೋದು ಅವರ ಬಾಯಲ್ಲಿ ಮಾತ್ರ ಉಳಿದಿರುತ್ತೆ.

ಟಿಪ್ಪಣಿ_ಖರಾಬು (ಫೆಬ್ರವರಿ 3)

ಮೇಲಿನ ಅಣ್ಣ ಹೇಳಿದ ಮಟ್ಟದ ಕೆಲಸದ ಜೊತೆಜೊತೆಗೇ ಕಾಗದದ ಕೆಲಸ ಶುರು ಮಾಡಿ, ಅದಕ್ಕೆ ದಿನ ಹಿಡಿಯುತ್ತೆ.

ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಕೆರೆ ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ ಕಡೆ ಬರುತ್ತೆ. ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ನಿಮ್ಮದು 18, ಆದ್ದರಿಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಿ. ಬರೀ ಬಾಯಿಮಾತಿನ ಒಪ್ಪಿಗೆ ಬೇಡ. ವಾರ್ಡ್ ಸಭೆಯಲ್ಲೋ ಗ್ರಾಮ ಸಭೆಯಲ್ಲೋ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ತಗೊಳ್ಳಿ. ಸಭೆ ಸದ್ಯಕ್ಕೆ ಇಲ್ಲದಿದ್ದರೆ ಪಂಚಾಯಿತಿ ಮಾಸಿಕ ಸಭೆಗೆ ಅರ್ಜಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಈ ಒಂದು ಹಾಳೆ ಇದ್ದರೆ ಯಾರೋ ಬಂದು ಯಂತ್ರ ನಿಲ್ಲಿಸಿದ ದಿನ ನಿಮ್ಮ ಮಾತಿಗೆ ಬೆಲೆ ಇರುತ್ತೆ.

ಉದ್ಯೋಗ ಖಾತ್ರಿಯಲ್ಲಿ ಇದೇ ಕಾಲುವೆಗೆ ಕೆಲಸ ಈಗಾಗಲೇ ಮಂಜೂರಾಗಿದೆಯಾ ಅಂತ ಮೊದಲು ಕೇಳಿ. ಆಗಿದ್ದರೆ ನೀವು ಶ್ರಮದಾನದಲ್ಲಿ ತೆಗೆದ ಮಣ್ಣಿಗೆ ಇನ್ಯಾರೋ ಅಳತೆ ಬರೆದು ಬಿಲ್ ಮಾಡುವ ಸಂಭವ ಇದೆ. ಮಾಹಿತಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ, ನಮ್ಮ ರಾಜ್ಯದ ನಿಯಮದಲ್ಲಿ 150 ಪದ ಮೀರಬಾರದು, ಉತ್ತರಕ್ಕೆ 30 ದಿನ. ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರಲ್ಲ. ‘ಇಂಥ ಕಾಲುವೆಯ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ನಕಲು ಕೊಡಿ’ ಅಂತ ಕೇಳಿ.

ಈಗ ಆ 35 ಮೀಟರ್. ಇದೇ ನಿಮ್ಮ ಅತಿ ಸೂಕ್ಷ್ಮ ಜಾಗ. ಗ್ರಾಮ ನಕ್ಷೆ ತೆಗೆದುಕೊಳ್ಳಿ, ಕಾಲುವೆ ಗೆರೆ ಯಾವ ಸರ್ವೆ ನಂಬರಿನೊಳಗೆ ಹಾದಿದೆ ನೋಡಿ. ಆ ನಂಬರಿನ ಪಹಣಿಯ 3ನೇ ಕಾಲಂನಲ್ಲಿ ‘ಬಿ’ ಖರಾಬು ಅಂತ ಗುಂಟೆ ತೋರಿಸಿದ್ದರೆ ಅದು ಸಾರ್ವಜನಿಕ ಜಾಗ. ಸರ್ವೆ ಕಚೇರಿಯಲ್ಲಿ ಟಿಪ್ಪಣಿ (ಜಮೀನಿನ ಮೂಲ ಅಳತೆಯ ದಾಖಲೆ) ನಕಲು ಸಿಗುತ್ತೆ. ಅದರ ಅಳತೆ ಸರಪಳಿ, ಆಣೆ ಲೆಕ್ಕದಲ್ಲಿ ಇರುತ್ತೆ: ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ.

ದಿಶಾಂಕ್ ಆ್ಯಪ್ ನೋಡಿ ‘ಇಲ್ಲೇ ಕಾಲುವೆ ಇತ್ತು’ ಅಂತ ರೈತರ ಹತ್ತಿರ ವಾದಕ್ಕೆ ನಿಲ್ಲಬೇಡಿ. ಯಾವ ಸರ್ವೆ ನಂಬರ್ ಅಂತ ತಿಳಿಯೋಕೆ ಆ್ಯಪ್ ಚೆನ್ನಾಗಿದೆ, ಆದರೆ ಫೋನಿನ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸುತ್ತೆ. ನಿಮ್ಮ ಕಾಲುವೆಯ ಅಗಲವೇ ಅಷ್ಟಿಲ್ಲ. ಗಡಿ ತೋರಿಸಬೇಕಾದವರು ಸರ್ವೆಯರ್, ತೆರವು ಮಾಡಬೇಕಾದವರು ತಹಶೀಲ್ದಾರ್. ನೀವು ಒಂದು ಬದು ಕಿತ್ತರೂ ಕೇಸು ನಿಮ್ಮ ಮೇಲೆ, ಓದೋ ಮಕ್ಕಳಿಗೆ ಅದು ಬೇಡ.

ಅದಕ್ಕಿಂತ ಮೊದಲು ಆ ಹೊಲದವರ ಮನೆಗೆ ಹಿರಿಯರನ್ನ ಮುಂದಿಟ್ಟುಕೊಂಡು ಹೋಗಿ ಮಾತಾಡಿ, ಫೋನಲ್ಲಿ ವಿಡಿಯೋ ಮಾಡಿಕೊಂಡು ಹೋಗಬೇಡಿ. ಎಷ್ಟೋ ಸಲ ಅವರ ತಕರಾರು ಜಾಗದ್ದಲ್ಲ, ಗಾಡಿ, ಟ್ರ್ಯಾಕ್ಟರ್ ಆಚೆ ದಾಟೋಕೆ ದಾರಿ ಇರಲ್ಲ ಅನ್ನೋದು. ಅಲ್ಲಿ ಎರಡು ಪೈಪ್ ಹಾಕಿ ಮೇಲೆ ದಾಟು ಮಾಡಿಕೊಡ್ತೀವಿ ಅಂದರೆ ಅರ್ಧ ಜಗಳ ಮುಗಿಯುತ್ತೆ. ಅವರು ಒಪ್ಪಿದರೆ ಒಂದು ಒಪ್ಪಿಗೆ ಪತ್ರ ಬರೆಸಿ, ಇಬ್ಬರು ಸಾಕ್ಷಿ ಇರಲಿ.

ಬೆಟ್ಟದ ಬುಡದ ಮೇಲಿನ ಭಾಗ ಅರಣ್ಯದ ಗಡಿ ಒಳಗೆ ಬರುತ್ತಾ ಅದನ್ನೂ ನೋಡಿ. ಬಂದರೆ ವಲಯ ಅರಣ್ಯಾಧಿಕಾರಿಯ ಲಿಖಿತ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ಬುಟ್ಟಿ ಮಣ್ಣೂ ಎತ್ತಬೇಡಿ.

ಮುಳಬಾಗಿಲು_ಹುಡುಗ್ರು (ಫೆಬ್ರವರಿ 17)

ಅಣ್ಣ, ಮಟ್ಟ ತೆಗೆದ್ವಿ. ಮೊದಲನೇ ಸಲ ಹೋದ ಲೆಕ್ಕಕ್ಕೂ ಬಂದ ಲೆಕ್ಕಕ್ಕೂ 14 ಸೆಂ.ಮೀ. ವ್ಯತ್ಯಾಸ ಬಂತು, ಎರಡನೇ ಸಲ 3 ಸೆಂ.ಮೀ. ಒಳಗೆ ಕೂಡಿತು. ಕಾಲುವೆಯ ಬೆಟ್ಟದ ಕಡೆಯ ತುದಿಯಿಂದ ಕೆರೆ ಅಂಗಳಕ್ಕೆ ಒಟ್ಟು ಇಳಿತ 1.9 ಮೀಟರ್. ಆದರೆ 18ನೇ ಗೂಟದಿಂದ 22ನೇ ಗೂಟದವರೆಗೆ ಇಳಿಯೋ ಬದಲು 18 ಸೆಂ.ಮೀ. ಏರಿದೆ. ರಸ್ತೆ ಮೋರಿಗೆ ಸ್ವಲ್ಪ ಮೇಲಿನ ಜಾಗ ಅದು. ಇದಕ್ಕೆ ಏನು ಮಾಡೋದು? ಪಂಚಾಯಿತಿ ಅರ್ಜಿಗೆ ಸೀಲ್ ಆಗಿದೆ, ಉದ್ಯೋಗ ಖಾತ್ರಿಯಲ್ಲಿ ಈ ಕಾಲುವೆ ಇಲ್ಲ ಅಂದಿದ್ದಾರೆ. ಹೊಲದವರು ರಾಗಿ ಹುಲ್ಲು ಎತ್ತಿದ ಮೇಲೆ ಮಾತಾಡೋಣ ಅಂದಿದ್ದಾರೆ.

ಏರಿ_ತೂಬು (ಫೆಬ್ರವರಿ 17)

ತುಂಬ ಒಳ್ಳೆ ಕೆಲಸ ಮಾಡಿದ್ದೀರಿ. ಆ 18 ಸೆಂ.ಮೀ. ಏರೇ ನಿಮ್ಮ ಕೆರೆ ತುಂಬದ ಕಾರಣಗಳಲ್ಲಿ ಒಂದು. ಮೋರಿ ಕಟ್ಟಿಕೊಂಡ ಮೇಲೆ ಅದರ ಹಿಂದೆ ನೀರು ನಿಂತು, ಹೊತ್ತು ತಂದ ಮಣ್ಣನ್ನೆಲ್ಲ ಅಲ್ಲೇ ಇಳಿಸಿದೆ.

ಹಳೇ ತಳ ಎಲ್ಲಿತ್ತು ಅಂತ ಕಂಡುಹಿಡಿಯೋಕೆ 18, 20, 22ನೇ ಗೂಟಗಳ ಹತ್ತಿರ ಕಾಲುವೆಗೆ ಅಡ್ಡಲಾಗಿ ಒಂದು ಅಡಿ ಅಗಲದ ಸೀಳು ತೋಡಿ, ಒಂದು ಗೋಡೆಯನ್ನ ಸನಿಕೆಯಲ್ಲಿ ನುಣ್ಣಗೆ ಕೆರೆದು ನೋಡಿ. ಮೇಲೆ ಪದರಪದರವಾಗಿ ತೆಳು ಮಣ್ಣು, ಮಧ್ಯೆ ಮಧ್ಯೆ ಪ್ಲಾಸ್ಟಿಕ್ ಚೂರು, ಗುಟ್ಕಾ ಪೊಟ್ಟಣ, ಕೊಳೆತ ಎಲೆ ಕಾಣುತ್ತೆ. ಪ್ಲಾಸ್ಟಿಕ್ ಸಿಗುವ ತನಕ ಅದು ಇತ್ತೀಚೆಗೆ ತುಂಬಿದ ಮಣ್ಣು. ಅದರ ಕೆಳಗೆ ಗಟ್ಟಿ ನೊರಜು, ಉರುಟು ಕಲ್ಲು ಇರುವ ಪದರ ಸಿಕ್ಕರೆ ಅದೇ ಹಳೇ ತಳ. ಅಲ್ಲಿಗೆ ನಿಲ್ಲಿಸಿ. ಅದನ್ನೂ ಒಡೆದು ಆಳ ಮಾಡಿದರೆ ಕಾಲುವೆ ಮೋರಿ ಪೈಪಿಗಿಂತ ತಗ್ಗಾಗಿ ಮತ್ತೆ ಅಲ್ಲೇ ಮಡು ನಿಲ್ಲುತ್ತೆ. ಪೈಪಿನ ಒಳತಳವೇ ನಿಮ್ಮ ಅಂತಿಮ ಮಟ್ಟ, ಅದರಿಂದ ಹಿಂದಕ್ಕೂ ಮುಂದಕ್ಕೂ ಲೆಕ್ಕ ಹಾಕಿ.

640 ಮೀಟರಿಗೆ 1.9 ಮೀಟರ್ ಅಂದರೆ 337ಕ್ಕೆ 1 ಇಳಿಜಾರು, 12 ಮೀಟರಿಗೆ ಮೂರೂವರೆ ಸೆಂ.ಮೀ. ಕಾಲುವೆಗೆ ಇದು ಹೆಚ್ಚೂಕಡಿಮೆ ಸರಿಯಾದ ಓಟ. ತಳ 1 ಮೀಟರ್, ನೀರಿನ ಆಳ ಅರ್ಧ ಮೀಟರ್, ಎರಡು ಬದಿಯೂ 45 ಡಿಗ್ರಿ ಓರೆ ಇಟ್ಟರೆ ನೀರು ಸೆಕೆಂಡಿಗೆ 0.7 ಮೀಟರ್ ವೇಗದಲ್ಲಿ, ಸೆಕೆಂಡಿಗೆ 500 ಲೀಟರಿಗೂ ಸ್ವಲ್ಪ ಹೆಚ್ಚು ಹರಿಯುತ್ತೆ. ಕಾಲುವೆಗೆ ನೀರು ಕೊಡುವ ಜಮೀನು 60 ಹೆಕ್ಟೇರ್ ಅಂತ ಇಟ್ಟುಕೊಳ್ಳಿ. 40 ಮಿ.ಮೀ. ಮಳೆ ಬಿದ್ದು ನೂರಕ್ಕೆ 15 ಪಾಲು ಹರಿದರೆ ಬರುವ ನೀರು 36 ಲಕ್ಷ ಲೀಟರ್. ಎರಡು ಗಂಟೆಯಲ್ಲಿ ಅಷ್ಟನ್ನೂ ಕೆರೆಗೆ ಮುಟ್ಟಿಸುವ ಶಕ್ತಿ ಈ ಅಳತೆಗೆ ಇದೆ. ಇದಕ್ಕಿಂತ ಅಗಲ ಬೇಡ. ಅಗಲ ಹೆಚ್ಚಾದರೆ ಸಣ್ಣ ಮಳೆಯ ನೀರು ತೆಳ್ಳಗೆ ಹರಡಿ ದಾರಿಯಲ್ಲೇ ಇಂಗಿಹೋಗುತ್ತೆ.

ಯಾವುದಾದರೂ 12 ಮೀಟರಿನಲ್ಲಿ ಇಳಿತ 6 ಸೆಂ.ಮೀ. ದಾಟಿದ್ದರೆ ಅಲ್ಲಿ ನೀರು ತಳವನ್ನ ಕೊರೆಯುತ್ತೆ, ಕೆಂಪು ಮರಳುಮಣ್ಣು ತಡೆಯಲ್ಲ. ಅಂಥ ಕಡೆ ಒಂದು ಅಡಿ ದಪ್ಪದ ಕಾಡುಕಲ್ಲನ್ನ ಅಡ್ಡಕ್ಕೆ ಹೂತು ಮೆಟ್ಟಿಲು ಮಾಡಿ. ಕಲ್ಲಿನ ಎರಡು ತುದಿ ದಂಡೆಯೊಳಗೆ ಒಂದೂವರೆ ಅಡಿ ಹೋಗಿರಬೇಕು. ಬರೀ ತಳದಲ್ಲಿ ಇಟ್ಟರೆ ನೀರು ಕಲ್ಲನ್ನ ಸುತ್ತುಹಾಕಿ ದಂಡೆಯನ್ನೇ ತಿಂದುಕೊಂಡು ಹೋಗುತ್ತೆ.

ಕಾಲುವೆ ಕೆರೆಗೆ ಸೇರುವ ಜಾಗಕ್ಕೆ 20 ಮೀಟರ್ ಮುಂಚೆ ಒಂದು ಹೂಳುಗುಂಡಿ ತೆಗೆಯಿರಿ: 3 ಮೀಟರ್ ಉದ್ದ, 2 ಅಗಲ, 1 ಆಳ. ಒಂದು ಬದಿ ಇಳಿಜಾರಾಗಿರಲಿ, ಹಸುವೋ ಮಗುವೋ ಬಿದ್ದರೆ ಹತ್ತಿ ಬರುವ ಹಾಗೆ. ಮಳೆಗಾಲದಲ್ಲಿ ಎರಡು ಮೂರು ಸಲ ಬರಿದು ಮಾಡಬೇಕು, ಆ ಕೆಲಸ ಕೈಯಲ್ಲೇ ಆಗುತ್ತೆ.

ಸನಿಕೆ_ಹಾರೆ (ಫೆಬ್ರವರಿ 18)

ಯಂತ್ರ ಮತ್ತು ಕೈಕೆಲಸ ಹಂಚಿಕೊಳ್ಳಿ. ಜೆಸಿಬಿ ಬೇಕಾಗಿರೋದು ಜಾಲಿ ಬುಡ ಕೀಳೋಕೆ ಮತ್ತು ಮೋರಿ ಹಿಂದಿನ ದಿಬ್ಬಕ್ಕೆ. ಬಂದ ದಿನ ಗೂಟಗಳ ಮೇಲೆ ಸುಣ್ಣದ ಗೆರೆ ಎಳೆದಿರಬೇಕು, ಮಟ್ಟದ ಕೋಲು ಹಿಡಿದು ಇಬ್ಬರು ಚಾಲಕರ ಮುಂದೆ ನಡೆಯಬೇಕು. ಬಕೆಟ್ ಅಗಲ ಕೇಳಿ, ಎರಡು ಅಡಿ ಬಕೆಟ್ ಇರೋದನ್ನೇ ತರಿಸಿ. ತೆಗೆದ ಮಣ್ಣನ್ನ ದಂಡೆಯ ತುದಿಗೆ ಸುರಿಯೋಕೆ ಬಿಡಬೇಡಿ, ಕನಿಷ್ಠ ಒಂದು ಮೀಟರ್ ಆಚೆ ಹಾಕಬೇಕು. ತುದಿಗೆ ಹಾಕಿದ ಮಣ್ಣು ಮೊದಲ ಜಡಿಮಳೆಗೇ ವಾಪಸ್ ಕಾಲುವೆಗೆ ಬರುತ್ತೆ. ಶ್ರಮದಾನದಲ್ಲಿ ಹೆಚ್ಚು ದುಡಿಮೆ ಹಾಳಾಗೋದು ಇಲ್ಲೇ.

ಸೀಮೆ ಜಾಲಿ ನೆಲದ ಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತೆ. ನೆಲದಿಂದ ಒಂದು ಅಡಿ ಕೆಳಗಿನ ಬೇರಿನ ಗಂಟಿನ ಸಮೇತ ಕೀಳಬೇಕು. ಕಾಯಿ ಹಣ್ಣಾಗಿದ್ದರೆ ಮೊದಲು ಅದನ್ನ ಆರಿಸಿ ಗೋಣಿಗೆ ತುಂಬಿ. ಹಸು, ಮೇಕೆ ತಿಂದರೆ ಬೀಜ ಸಗಣಿ, ಹಿಕ್ಕೆಯಲ್ಲಿ ಊರೆಲ್ಲ ಹರಡುತ್ತೆ. ಕಡಿದ ಮುಳ್ಳನ್ನ ಸುಡಬೇಡಿ, ಗಿಡಗಳಿಗೆ ಬೇಲಿಗೆ ಬೇಕಾಗುತ್ತೆ.

ಮುಳ್ಳು ಹವಾಯಿ ಚಪ್ಪಲಿ ದಾಟಿ ಪಾದಕ್ಕೆ ಇಳಿಯುತ್ತೆ, ಮುರಿದು ಒಳಗೇ ಉಳಿದರೆ ಕೀವಾಗುತ್ತೆ. ಜಾಲಿ ಕೆಲಸಕ್ಕೆ ದಪ್ಪ ತಳದ ಬೂಟು ಇಲ್ಲದವರನ್ನ ಇಳಿಸಲೇಬೇಡಿ. ಎಲ್ಲರೂ ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿಕೊಂಡಿದ್ದಾರಾ ಕೇಳಿ. 24 ಜನಕ್ಕೆ 8 ಸನಿಕೆ, 4 ಹಾರೆ, 3 ಪಿಕಾಸಿ, 12 ಬಾಂಡ್ಲಿ, 4 ಮಚ್ಚು ಸಾಕು. ಎಲ್ಲರ ಕೈಗೂ ಸನಿಕೆ ಕೊಟ್ಟರೆ ಒಬ್ಬರ ಕಾಲಿಗೆ ಇನ್ನೊಬ್ಬರ ಏಟು. ಅಗೆಯುವವರ ನಡುವೆ ಮೂರು ಮೀಟರ್ ಬಿಡಿ, ಅಗೆಯುವವರು, ಹೊರುವವರು ಇಪ್ಪತ್ತು ನಿಮಿಷಕ್ಕೊಮ್ಮೆ ಅದಲುಬದಲಾಗಲಿ. ಬೆಳಿಗ್ಗೆ ಆರೂವರೆಗೆ ಶುರು, ಒಂಬತ್ತೂವರೆಗೆ ಮುಗಿಯಲೇಬೇಕು. ತಲೆಗೆ ಎರಡು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. 18 ತುಂಬದವರಿಗೆ ಮನೆಯವರ ಒಪ್ಪಿಗೆ ಬರಹದಲ್ಲಿ ಇರಲಿ, ಅವರನ್ನ ಯಂತ್ರದ ಹತ್ತಿರ ಬಿಡಬೇಡಿ.

ಒಣ ಎಲೆ, ಕಲ್ಲುಗುಡ್ಡೆಗೆ ಕೈ ಹಾಕುವ ಮುಂಚೆ ಉದ್ದ ಕೋಲಿನಲ್ಲಿ ಕೆದಕಿ. ಕೊಳಕುಮಂಡಲ ಎಲೆಯ ಬಣ್ಣಕ್ಕೇ ಸೇರಿಕೊಂಡಿರುತ್ತೆ. ಹಾವು ಕಚ್ಚಿದರೆ ಕಟ್ಟು ಬಿಗಿಯೋದು, ಕುಯ್ಯೋದು, ಬಾಯಲ್ಲಿ ಹೀರೋದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನ ನಡೆಸಬೇಡಿ, ಕೈಯೋ ಕಾಲೋ ಅಲುಗಾಡದ ಹಾಗೆ ಹಲಗೆಗೆ ಸಡಿಲವಾಗಿ ಕಟ್ಟಿ, 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಮಾತ್ರ.

ಮೋರಿ ಪೈಪಿನೊಳಗೆ ಯಾರೂ ತೂರಬಾರದು, ಎಷ್ಟೇ ಸಣ್ಣ ಹುಡುಗನಾದರೂ ಸರಿ. ಒಳಗೆ ಕೆಟ್ಟ ಗಾಳಿ ಇರುತ್ತೆ, ಮಣ್ಣು ಕುಸಿದರೆ ಎಳೆಯೋಕೂ ಆಗಲ್ಲ. ಉದ್ದ ಕಬ್ಬಿಣದ ಸರಳಿನಲ್ಲಿ ಮೇಲ್ಭಾಗದ ಸಂದಿಯಿಂದ ಹಗ್ಗ ದಾಟಿಸಿ, ಹಗ್ಗದ ನಡುವೆ ಕಲ್ಲು ತುಂಬಿದ ಅರ್ಧ ಗೋಣಿ ಕಟ್ಟಿ, ಎರಡು ಕಡೆಯಿಂದ ನಾಲ್ಕು ನಾಲ್ಕು ಜನ ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ಮಣ್ಣು ಗಟ್ಟಿಯಾಗಿದ್ದರೆ ಹಿಂದಿನ ದಿನ ಟ್ಯಾಂಕರ್ ನೀರು ಬಿಟ್ಟು ನೆನೆಸಿ. ಅದಕ್ಕೂ ಬಗ್ಗದಿದ್ದರೆ ಪಂಚಾಯತ್ ರಾಜ್ ಎಂಜಿನಿಯರಿಗೆ ಅರ್ಜಿ ಕೊಡಿ, ರಸ್ತೆ ಅಗೆಯುವ ಕೆಲಸ ನಿಮ್ಮದಲ್ಲ.

ಗೋಡುಮಣ್ಣು (ಫೆಬ್ರವರಿ 19)

ಮಣ್ಣಿನ ವಿಷಯದಲ್ಲಿ ಒಂದು ತಪ್ಪು ಎಲ್ಲರೂ ಮಾಡ್ತಾರೆ, ಅದಕ್ಕೇ ಬರೀತಿದ್ದೀನಿ. ಕಾಲುವೆಯಲ್ಲಿ ತುಂಬಿರೋ ಮಣ್ಣೂ ಕೆರೆ ಗೋಡೂ (ಅಂಗಳದಲ್ಲಿ ಕೂತ ಹೂಳು) ಒಂದೇ ಅಲ್ಲ. ಓಡುವ ನೀರು ದಪ್ಪ ಮರಳನ್ನ ಕಾಲುವೆಯಲ್ಲೇ ಇಳಿಸುತ್ತೆ, ನುಣುಪು ಜೇಡಿ ಕೆರೆವರೆಗೆ ಹೋಗಿ ಕೂರುತ್ತೆ. ಹೊಲಕ್ಕೆ ಸಾರ ಇರೋದು ಎರಡನೆಯದರಲ್ಲಿ.

ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳ ಸೇರಿದ್ದು ಮರಳು, ಅಲ್ಲಿಗೊಂದು ಗೆರೆ ಎಳೆಯಿರಿ. ಮಾರನೇ ದಿನ ಅದರ ಮೇಲೆ ಕೂತ ಪದರ ನೋಡಿ. ಅರ್ಧಕ್ಕಿಂತ ಹೆಚ್ಚು ಮರಳೇ ಆಗಿದ್ದರೆ ಹೊಲಕ್ಕೆ ಹಾಕಬೇಡಿ, ದಾಟು ಮಾಡೋಕೆ, ಗಾಡಿದಾರಿ ಎತ್ತರಿಸೋಕೆ ಬಳಸಿ. 333 ಘನ ಮೀಟರ್ ಅಗೆದ ಮೇಲೆ ಉಬ್ಬಿ 400 ದಾಟುತ್ತೆ. 100 ಘನ ಅಡಿ ಟ್ರೇಲರ್ ಆದರೆ ಹತ್ತಿರ ಹತ್ತಿರ 150 ಲೋಡ್. ಎಲ್ಲಿಗೆ ಅನ್ನೋದನ್ನ ಅಗೆಯುವ ಮುಂಚೆ ತೀರ್ಮಾನಿಸಿ.

ಮುಂದಿನ ವರ್ಷ ಅಂಗಳದ ಗೋಡು ತೆಗೆಯುವಾಗ ಎಕರೆಗೆ 15ರಿಂದ 18 ಲೋಡ್ ಸಾಕು, ಅದು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪದ ಪದರ. ಬೇಸಿಗೆಯಲ್ಲಿ ಹರಡಿ ಮುಂಗಾರು ಉಳುಮೆಯಲ್ಲಿ ಬೆರೆಸಬೇಕು. ಒಣಗಿದ ಗೋಡಿನ ಮೇಲೆ ಬಿಳಿ ಉಪ್ಪು ಕಂಡರೆ ಮಣ್ಣು ಪರೀಕ್ಷೆ ಮಾಡಿಸದೆ ಬೇಡ. ಏರಿ ಬುಡದ ಹತ್ತಿರ ಮತ್ತು ತೂಬಿನ ಸುತ್ತ ಅಗೆಯಬಾರದು. ಎಂಜಿನಿಯರ್ ಗೆರೆ ಹಾಕಿಕೊಡುವ ತನಕ ಏರಿಯಿಂದ 20 ಮೀಟರ್ ಒಳಗೆ ಮುಟ್ಟಬೇಡಿ. ಹೂಳಿನ ಹೆಸರಲ್ಲಿ ಲಾರಿ ತಂದು ಮರಳು ಫಿಲ್ಟರ್ ಮಾಡೋರು (ಮಣ್ಣು ತೊಳೆದು ಮರಳು ತೆಗೆಯೋರು) ನಮ್ಮ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ಲೋಡ್ ಯಾವ ರೈತರ ಹೊಲಕ್ಕೆ ಹೋಯಿತು ಅಂತ ಪುಸ್ತಕದಲ್ಲಿ ಸಹಿ ಹಾಕಿಸಿ, ಹುಡುಗಿಯರಲ್ಲಿ ಒಬ್ಬರಿಗೆ ಆ ಪುಸ್ತಕದ ಪೂರ್ತಿ ಅಧಿಕಾರ ಕೊಡಿ. ಅವರ ಸಹಿ ಇಲ್ಲದೆ ಟ್ರ್ಯಾಕ್ಟರ್ ಹೊರಡಬಾರದು.

ಜೆಸಿಬಿ ಬಗ್ಗೆ ಮೇಲಿನ ಸನಿಕೆ ಅಣ್ಣನ ಮಾತು ಒಪ್ತೀನಿ, ಆದರೆ ದಂಡೆಯ ಗರಿಕೆಯನ್ನ ಯಂತ್ರ ಕೆರೆದು ಹಾಕದ ಹಾಗೆ ನೋಡಿಕೊಳ್ಳಿ. ಆ ಹುಲ್ಲಿನ ಬೇರೇ ದಂಡೆ ಹಿಡಿದಿರೋದು. ಬರಿದಾದ ಕಡೆ ಬೇರುಸಮೇತ ಗರಿಕೆ ಅಥವಾ ಲಾವಂಚವನ್ನ ಅರ್ಧ ಅಡಿಗೊಂದು ನೆಡಿ, ಮಳೆ ಹಿಡಿದ ಮೇಲೆ. ಗಿಡ ಹಾಕುವ ಆಸೆ ಇದ್ದೇ ಇರುತ್ತೆ. ಕೆರೆ ಏರಿ ಮೇಲೆ ಮಾತ್ರ ಮರ ಬೇಡ, ಬೇರು ಸತ್ತು ಕೊಳೆತ ದಾರಿಯಲ್ಲೇ ನೀರು ಸೋರಿ ಏರಿ ಒಡೆಯುತ್ತೆ. ಕಾಲುವೆಯ ಒಂದೇ ಬದಿಗೆ ಐದು ಮೀಟರಿಗೊಂದು ಹೊಂಗೆ ಹಾಕಿ, ಇನ್ನೊಂದು ಬದಿ ಮುಂದೆ ಯಂತ್ರ ಬರೋಕೆ ಖಾಲಿ ಇರಲಿ. ಒಂದೂವರೆ ಅಡಿ ಗುಂಡಿ, ಸುತ್ತ ಆ ಜಾಲಿ ಮುಳ್ಳಿನ ಬೇಲಿ. ಬರುವ ಬೇಸಿಗೆಗೆ ನೀರು ಹೊರೋಕೆ ಎಷ್ಟು ಜನ ಇದ್ದೀರೋ ನೋಡಿ, ತಲೆಗೆ ಎರಡರಂತೆ ಮಾತ್ರ ಗಿಡ ಹಾಕಿ. 24 ಜನಕ್ಕೆ 48 ಸಾಕು.

ಮುಳಬಾಗಿಲು_ಹುಡುಗ್ರು (ಮಾರ್ಚ್ 1)

ಬಾಟಲಿ ಪರೀಕ್ಷೆ ಮಾಡಿದ್ವಿ ಅಕ್ಕ, ಮುಕ್ಕಾಲು ಪಾಲು ಮರಳೇ. ದಾಟಿಗೆ ಹಾಕ್ತೀವಿ, ಹೊಲದವರೂ ಒಪ್ಪಿ ಪತ್ರ ಬರೆದುಕೊಟ್ಟಿದ್ದಾರೆ. ಕೊನೇ ಪ್ರಶ್ನೆ: ಕೆಲಸದಿಂದ ಲಾಭ ಆಯ್ತು ಅಂತ ಊರಿಗೆ ತೋರಿಸೋದು ಹೇಗೆ? ಜೆಸಿಬಿಗೆ ಮನೆಮನೆ ದುಡ್ಡು ಎತ್ತುತ್ತಿದ್ದೀವಿ, ಲೆಕ್ಕ ಕೇಳ್ತಾರೆ. ಕೋಡಿಗೆ ಎರಡು ಸಾಲು ಕಲ್ಲಿಟ್ಟು ಎತ್ತರಿಸಿದರೆ ಇನ್ನೂ ಹೆಚ್ಚು ನೀರು ನಿಲ್ಲುತ್ತೆ ಅಂತಲೂ ಕೆಲವರು ಹೇಳ್ತಿದ್ದಾರೆ.

ಏರಿ_ತೂಬು (ಮಾರ್ಚ್ 1)

ಕೋಡಿ ಮೇಲೆ ಒಂದು ಕಲ್ಲೂ ಇಡಬೇಡಿ. ದೊಡ್ಡ ಮಳೆಗೆ ಹೆಚ್ಚಾದ ನೀರು ಏರಿಯನ್ನ ಹತ್ತದೆ ಹೊರಗೆ ಹೋಗೋಕೆ ಇರುವ ಒಂದೇ ದಾರಿ ಅದು. ಎರಡು ಸಾಲು ಕಲ್ಲಿಗೆ ಏರಿಯೇ ಕೊಚ್ಚಿಹೋಗಬಹುದು, ಕೆಳಗೆ ಅಚ್ಚುಕಟ್ಟಿದೆ, ಮನೆಗಳಿವೆ. ಹಾಗೆ ಹೇಳೋರಿಗೆ ನೇರವಾಗಿ ಬೇಡ ಅನ್ನಿ.

ಲಾಭ ತೋರಿಸೋಕೆ ಎರಡು ಅಂಕಿ ಸಾಕು: ಬಿದ್ದ ಮಳೆ, ಕೆರೆಯ ನೀರಿನ ಮಟ್ಟ. ನೇರ ಗೋಡೆಯ ಡಬ್ಬಿಯನ್ನ ಬಯಲಲ್ಲಿ, ಮರ ಅಥವಾ ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಕಟ್ಟಿ, ದಿನಾ ಬೆಳಿಗ್ಗೆ 8:30ಕ್ಕೆ ಸ್ಕೇಲ್ ಇಳಿಸಿ ಓದಿ ಚೆಲ್ಲಿ. ಡಬ್ಬಿ ಬಾಯಿ ಅಗಲ, ತಳ ಸಣ್ಣ ಇದ್ದರೆ ಅಂಕಿ ತಪ್ಪು. ತೂಬಿನ ಕಲ್ಲುಕಂಬದ ಮೇಲೆ 10 ಸೆಂ.ಮೀ.ಗೊಂದು ಬಣ್ಣದ ಗೆರೆ ಹಾಕಿ, ಸೊನ್ನೆ ಅಂಗಳದ ತಳದಿಂದ. ವಾರಕ್ಕೊಮ್ಮೆ ಮತ್ತು 20 ಮಿ.ಮೀ. ದಾಟಿದ ಪ್ರತಿ ಮಳೆಯ ಮಾರನೇ ದಿನ ಬರೆಯಿರಿ. ನಮ್ಮ ಜಿಲ್ಲೆಗೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜುಲೈನಲ್ಲಿ ಕೆರೆ ಖಾಲಿ ಅಂತ ಯಾರಾದರೂ ಅಂದರೆ ಎದೆಗುಂದಬೇಡಿ.

ದುಡ್ಡಿಗೆ ಇಬ್ಬರ ಸಹಿಯ ಜಂಟಿ ಖಾತೆ, ಪ್ರತಿ ರಸೀದಿಯ ಫೋಟೋ ಊರ ಗುಂಪಿಗೆ ಅದೇ ದಿನ, ಜೆಸಿಬಿ ಶುರುವಾದ, ನಿಂತ ಹೊತ್ತನ್ನ ಚಾಲಕರ ಸಹಿಯೊಂದಿಗೆ ಬರೆದಿಡಿ. ಮಳೆಯ ಅಂಕಿಯ ಜೊತೆ ಆ ಲೆಕ್ಕವನ್ನೂ ಹಾಲಿನ ಡೇರಿ ಗೋಡೆಯ ಕಪ್ಪು ಹಲಗೆ ಮೇಲೆ ಬರೆದರೆ ದಿನಕ್ಕೆರಡು ಸಲ ಊರೆಲ್ಲ ಓದುತ್ತೆ.

ಮೊದಲ ಜೋರು ಮಳೆ ಬಿದ್ದ ಕೂಡಲೇ, ಗುಡುಗು ಸಿಡಿಲು ನಿಂತ ಮೇಲೆ, ನಾಲ್ಕು ಜನ ಸನಿಕೆ ಹಿಡಿದು 54 ಗೂಟದ ಉದ್ದಕ್ಕೂ ದಂಡೆ ಮೇಲೆ ನಡೆಯಿರಿ. ಎಲ್ಲಿ ನೀರು ತಿರುಗಿ ಹೊಲಕ್ಕೆ ನುಗ್ಗುತ್ತಿದೆ, ಎಲ್ಲಿ ಕಸ ಸಿಕ್ಕಿಕೊಂಡಿದೆ ಅಂತ ಗೂಟದ ನಂಬರ್ ಬರೆದುಕೊಂಡು ಬಂದು ಇಲ್ಲಿ ಹಾಕಿ.